ರೇಷ್ಮೆ ಮೊಟ್ಟೆ ಹೊತ್ತ ಸೈಕಲ್ ಚೀಲ

ಸೈಕಲ್ಲಿನ ಹಿಂದಕ್ಕೆ ಕಟ್ಟುವ ಒಂದು ಚೀಲವನ್ನು ಆರಿಸುವುದೂ ಒಂದು ಕೆಲಸವೇ ಎಂದು ಯಾರಾದರೂ ನಕ್ಕರೆ ನನಗೆ ಇಂದಿಗೂ ಮೈ ಉರಿಯುತ್ತದೆ. ನಗುವವರು ನಗಲಿ. ಆ ಚೀಲದ ದೆಸೆಯಿಂದ ನಾನು ಪಟ್ಟ ಪಾಡು ನನಗೆ ಗೊತ್ತು, ನನ್ನ ಹೆಂಡತಿಗೆ ಗೊತ್ತು.

ಅದು ಯುದ್ಧದ ಕಾಲ. ಮಳವಳ್ಳಿಯಲ್ಲಿ ರೇಷ್ಮೆ ಮೊಟ್ಟೆ ತಯಾರಿಸಿ ಮಾರುತ್ತಿದ್ದ ಒಬ್ಬ ಯಜಮಾನರ ಬಳಿ ನಾನು ಕೆಲಸಕ್ಕಿದ್ದೆ. ಚಿಟ್ಟೆಗಳು ಕಾಗದದ ಹಾಳೆಯ ಮೇಲೆ ಬಿಲ್ಲೆ ಬಿಲ್ಲೆಯಾಗಿ ಮೊಟ್ಟೆ ಇಡುತ್ತವೆ. ಆ ಹಾಳೆಗಳನ್ನು ಹುಳ ಸಾಕುವ ಮನೆಗಳಿಗೆ ತಲುಪಿಸುವುದು ನನ್ನ ಪಾಲಿನ ಕೆಲಸ. ಇಟ್ಟ ಹತ್ತು ದಿನಕ್ಕೆಲ್ಲ ಮೊಟ್ಟೆ ಒಡೆಯುತ್ತದೆ. ಅದಕ್ಕೆ ಎರಡು ಮೂರು ದಿನ ಮುಂಚೆಯೇ ಹಾಳೆ ಮನೆ ಸೇರಿರಬೇಕು. ದಾರಿಯಲ್ಲಿ ಬಿಸಿಲು ತಗಲಬಾರದು, ಮಳೆ ತಗಲಬಾರದು, ಉಸಿರು ಕಟ್ಟಬಾರದು, ಹಾಳೆಗೆ ಹಾಳೆ ಉಜ್ಜಬಾರದು. ಕೂಸನ್ನಾದರೂ ಇದಕ್ಕಿಂತ ಸಸಾರವಾಗಿ ಹೊತ್ತುಕೊಂಡು ಹೋಗಬಹುದು.

ಮೊದಮೊದಲು ನಾನು ನಡೆದೇ ಹೋಗುತ್ತಿದ್ದೆ. ತಲೆಯ ಮೇಲೆ ಬಿದಿರಿನ ಪುಟ್ಟಿ, ಅದರ ಮೇಲೆ ಒದ್ದೆ ಬಟ್ಟೆ. ಮುಂಜಾನೆ ಬಿಟ್ಟರೆ ಬಿಸಿಲೇರುವ ಹೊತ್ತಿಗೆ ಹತ್ತಿರದ ಹಳ್ಳಿಗಳು ಮುಗಿಯುತ್ತಿದ್ದವು. ಯುದ್ಧ ಬಂದು, ನಮ್ಮ ರೇಷ್ಮೆಯಿಂದ ಆಕಾಶದಿಂದ ಇಳಿಯುವ ಸಿಪಾಯಿಗಳಿಗೆ ಛತ್ರಿ ಹೊಲಿಯುತ್ತಾರಂತೆ ಎಂಬ ಸುದ್ದಿ ಹಬ್ಬಿ, ಗೂಡಿನ ಬೆಲೆ ಏರಿದ ಮೇಲೆ ಹುಳ ಸಾಕದ ಮನೆಯೇ ಇಲ್ಲವೆಂಬಂತಾಯಿತು. ಮದ್ದೂರಿನ ದಾರಿಯಲ್ಲಿ ದೊಡ್ಡಿ ಎಂಬ ಊರಿನವರೆಗೆ, ಅಲ್ಲಿಂದ ಒಳಗಿನ ಹಳ್ಳಿಗಳಿಗೆಲ್ಲ ಹಾಳೆ ಬೇಕಾಯಿತು. ಅಷ್ಟು ದೂರ ಕಾಲಲ್ಲಿ ಆಗುವುದಿಲ್ಲವೆಂದು ಯಜಮಾನರು ಒಂದು ಹಳೆಯ ಸೈಕಲ್ ಕೊಂಡರು. ಗಟ್ಟಿ ಕ್ಯಾರಿಯರ್ ಇದ್ದ, ಎರಡಾಳು ಹೊರುವ ಸೈಕಲ್.

ಆ ದೊಡ್ಡಿಯಾಚೆಯ ಹಳ್ಳಿಗಳ ದಾರಿ ಎಂದರೆ ನನಗೆ ಜೀವ. ಅಲ್ಲಿ ಒಂದು ಹಳ್ಳಿಯಲ್ಲಿ ಒಬ್ಬ ಹೆಂಗಸು, ಊರಿಗೆಲ್ಲ ದೊಡ್ಡವ್ವ. ಹುಳದ ವಿಷಯದಲ್ಲಿ ಅವಳು ಹೇಳಿದ್ದೇ ಹೇಳಿದ್ದು. ಹಾಳೆ ತಂದವನನ್ನು ಮೂಡಲಿಗೆ ಮುಖ ಮಾಡಿಸಿ ನಿಲ್ಲಿಸಿ, ಅರಿಶಿನ ಹಚ್ಚಿದ ಮೊರ ಒಡ್ಡಿ, ಬಲಗೈಯಿಂದಲೇ ಹಾಳೆ ಹಾಕಿಸಿಕೊಳ್ಳುವುದು ಅಲ್ಲಿನ ಪದ್ಧತಿ. ಆಮೇಲೆ ಎಲೆ ಅಡಿಕೆ. ಬೆಳೆ ಚೆನ್ನಾಗಿ ಬಂದರೆ ತಂದವನ ಕೈಗುಣ ಒಳ್ಳೆಯದು, ಕೆಟ್ಟರೆ ಅವನ ಕೈಗುಣ ಕೆಟ್ಟದ್ದು.

"ನಿನ್ ಕೈಗುಣ ಬಲ್ ಒಳ್ಳೇದು ಕಣಪ್ಪ" ಎನ್ನುತ್ತಿದ್ದಳು ದೊಡ್ಡವ್ವ. "ನೀನ್ ತಂದ ಮೊಟ್ಟೆ ಒಂದೂ ಉಳಿಯಾಕಿಲ್ಲ, ಎಲ್ಲಾ ಒಂದೇ ವೊತ್ಗೆ ಒಡೀತವೆ. ಬ್ಯಾರೆಯೋರ್ ಕೈಯಾಗೆ ನಂಗೆ ಬ್ಯಾಡ."

ಈ ಮಾತು ಕೇಳಿದಾಗ ನಾನು ಅಲ್ಲ ಅನ್ನಲಿಲ್ಲ. ಯಾರು ತಾನೆ ಅಂದಾರು?

ಆದರೆ ಸೈಕಲ್ಲಿನ ಜೊತೆಗೇ ತಾಪತ್ರಯವೂ ಬಂದಿತ್ತು. ನಡೆದಾಗ ತಲೆಯ ಮೇಲೆ ಸುಖವಾಗಿದ್ದ ಪುಟ್ಟಿ ಕ್ಯಾರಿಯರ್ ಮೇಲೆ ಕೂರಲೊಲ್ಲದು. ಹಗ್ಗ ಎಷ್ಟು ಬಿಗಿದರೂ ಜಲ್ಲಿ ರಸ್ತೆಯ ಕುಲುಕಾಟಕ್ಕೆ ಒಂದು ಮಗ್ಗುಲಿಗೆ ಜಾರುವುದು. ಒಂದು ದಿನ ಅದರ ಅಂಚು ಚಕ್ರದ ಕಡ್ಡಿಗೆ ಸಿಕ್ಕಿ ಹರಿದೇ ಹೋಯಿತು. ಅದೃಷ್ಟಕ್ಕೆ ಹಾಳೆಗಳನ್ನೆಲ್ಲ ಕೊಟ್ಟು ಖಾಲಿ ಪುಟ್ಟಿಯೊಂದಿಗೆ ವಾಪಸು ಬರುತ್ತಿದ್ದೆ. ಯಜಮಾನರಿಗೆ ಚೂರಾದ ಬಿದಿರನ್ನು ತೋರಿಸಿ, "ಇದಕ್ಕೆ ಒಪ್ಪುವ ಚೀಲವೊಂದು ಮಾಡಿಸಬೇಕು ಸ್ವಾಮಿ" ಎಂದೆ.

"ಚೀಲಕ್ಕೇನು ಬರ? ನಾನು ತರ್ತೀನಿ ಬಿಡಯ್ಯ" ಎಂದರು.

ಮೈಸೂರಿಗೆ ಹೋದವರು ಹರಾಜಿನ ಅಂಗಡಿಯಿಂದ ತೊಗಲಿನ ಚೀಲ ಹಿಡಿದುಕೊಂಡು ಬಂದರು. ಕರೀ ಬಣ್ಣ, ಹಿತ್ತಾಳೆ ಬಕಲು, ಮೇಲೆ ಮುಚ್ಚುವ ದಪ್ಪ ಕಿವಿ. ಯಾವ ಸಾಹೇಬನ ಕಾಗದಪತ್ರ ಹೊತ್ತಿತ್ತೋ ಏನೋ. ಅದನ್ನು ಕ್ಯಾರಿಯರ್‌ಗೆ ಬಿಗಿದಾಗ ನೋಡಲು ಠೀವಿಯಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಹುಳದ ಮನೆಗೆ ತೊಗಲು ಸೇರಿಸುವುದಿಲ್ಲವೆಂಬುದು ಮೊಟ್ಟೆ ಮಾರುವ ಯಜಮಾನರಿಗೆ ತಿಳಿಯಬೇಡವೇ? ಮೆಟ್ಟು ಬಿಡುವುದು ಅಂಗಳದಲ್ಲಿ, ಸೊಂಟದ ಬೆಲ್ಟು ಬಿಚ್ಚಿಡುವುದು ಜಗಲಿಯಲ್ಲಿ. ಹಾಗಿರುವಾಗ ಇದು ಮೊಟ್ಟೆಯನ್ನೇ ತೊಗಲಿನಲ್ಲಿ ಸುತ್ತಿ ತಂದಂತಾಯಿತು. ದೊಡ್ಡವ್ವ ಬಾಗಿಲಲ್ಲೇ ತಡೆದಳು.

"ಅದೇನ್ಲಾ ಅದು, ಕೋಣನ್ ಚರ್ಮ ಒತ್ಕಂಡ್ ಬಂದಿದೀಯೆ?"

"ಯಜಮಾನ್ರು ತಂದದ್ದು ದೊಡ್ಡವ್ವ."

"ಯಜಮಾನ್ರು ತಂದ್ರೆ ಅವ್ರ ಅಟ್ಟಿನಾಗ್ ಇಟ್ಕಳ್ಳಿ. ನನ್ ಉಳದ್ ಮನೆತಾಕೆ ತರ್ಬ್ಯಾಡ."

ಆ ಸಲ ಹಾಳೆಗಳನ್ನು ತೆಗೆದು ಅರಿಶಿನದ ನೀರು ಚಿಮುಕಿಸಿ ಒಳಗೆ ಕೊಂಡರು. ಊರಿಂದೂರಿಗೆ ಇದೇ ರಗಳೆ. ಬಂದು ಹೇಳಿದರೆ ಯಜಮಾನರಿಗೆ ನನ್ನ ಮೇಲೆಯೇ ಸಿಟ್ಟು. ಚೀಲವನ್ನು ತಾವೇ ಇಟ್ಟುಕೊಂಡರು, ಕೋರ್ಟಿಗೆ ಹೋಗುವಾಗ ಹಿಡಿದುಕೊಳ್ಳುತ್ತಿದ್ದರು.

ಮತ್ತೆ ಒಂದು ವಾರಕ್ಕೆ ಇನ್ನೊಂದು ಚೀಲ ತಯಾರಾಯಿತು. ಇದು ಯಜಮಾನರ ಸ್ವಂತ ಬುದ್ಧಿ. ದಪ್ಪ ಖಾಕಿ ಕ್ಯಾನ್ವಾಸಿನ ಬಟ್ಟೆ ಎಲ್ಲಿಂದಲೋ ಹೊಂಚಿದ್ದರು. ಆಗ ಅಂಥ ಬಟ್ಟೆಯೆಲ್ಲ ಸೈನ್ಯದ ಪಟಾಲಮ್ಮಿನ ಪಾಲಾಗುತ್ತಿತ್ತು, ಸಿಕ್ಕಿದ್ದೇ ಹೆಚ್ಚು. ಮಳೆ ನೀರು ಇಳಿಯಬಾರದೆಂದು ಅದಕ್ಕೆ ಹೊಂಗೆ ಎಣ್ಣೆ, ಮೇಣ ಕಾಯಿಸಿ ಬಳಿಸಿದರು. ಒಂದಲ್ಲ, ಮೂರು ಸಲ ಬಳಿಸಿದರು. ಅಂಗಳದಲ್ಲಿ ಒಣಗಿಸಿದ ಮೇಲೆ ಅದು ಹಲಗೆಯ ಹಾಗೆ ಸೆಟೆದು ನಿಂತಿತು. ಚೊಂಬು ನೀರು ಸುರಿದು, ಒಂದು ಹನಿಯೂ ಒಳಗಿಳಿಯದ್ದನ್ನು ತೋರಿಸಿ ಯಜಮಾನರು ಮೀಸೆ ತಿರುವಿದರು. ಅವರ ಹೆಂಡತಿಯ ತಮ್ಮನೊಬ್ಬ ಮದ್ದೂರಿನಿಂದ ಬಂದು ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದ. ಆ ಬಾಮೈದ ಚೀಲ ಕಟ್ಟಿದ ಸೈಕಲ್ಲನ್ನು ಅಂಗಳದಲ್ಲಿ ಎರಡು ಸುತ್ತು ಹೊಡೆದು, ಗಂಟೆ ಬಾರಿಸಿ, "ಫಸ್ಟ್ ಕ್ಲಾಸಾಗಿದೆ ಭಾವ" ಎಂದ.

"ನೀರು ಒಳಗೆ ಇಳಿಯಲ್ಲ ಸರಿ ಸ್ವಾಮಿ, ಗಾಳಿ ಹೋಗುತ್ತಾ?" ಎಂದೆ.

"ಮೊಟ್ಟೆಗೆ ಎಂಥ ಗಾಳಿಯಯ್ಯ? ಹೊದ್ದುಕೊಂಡು ಮಲಗುತ್ತೆ, ಅಷ್ಟೆ."

ಹಾಳೆ ತುಂಬಿಕೊಂಡು ಹೊರಟೆ. ಅದು ಬೇಸಿಗೆಯ ಬೆಳೆ. ಮಳವಳ್ಳಿ ಬಿಡುವಾಗಲೇ ತಡವಾಗಿತ್ತು. ದೊಡ್ಡಿ ದಾಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಚೀಲದ ಬಾಯಿ ಬಿಚ್ಚಿ ಕೈ ಹಾಕಿದರೆ ಒಳಗಿನಿಂದ ಹೊಗೆಗೂಡಿನಷ್ಟು ಝಳ, ಹೊಂಗೆಯ ಕಮಟು ವಾಸನೆ. ಹಾಳೆಗಳು ಬೆವೆತು ಒಂದಕ್ಕೊಂದು ಅಂಟಿದ್ದವು. ಮರದ ನೆರಳಿನಲ್ಲಿ ಬಿಡಿಸಿ, ಗಾಳಿ ಬೀಸಿ, ಮತ್ತೆ ತುಂಬಿಕೊಂಡು ಹೋದೆ. ಹಾಗೇ ದೊಡ್ಡವ್ವನ ಮೊರಕ್ಕೆ ಹಾಕಿದೆ.

ಹುಳ ಸಾಕದವರಿಗೆ ಇದು ತಿಳಿಯಲಿ. ಮೊಟ್ಟೆಗಳೆಲ್ಲ ಒಂದೇ ಮುಂಜಾನೆ ಒಡೆಯಬೇಕು. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ, ಅದಕ್ಕೆ ಜ್ವರಕ್ಕೆ ಕೂರುವುದು ಎನ್ನುತ್ತೇವೆ. ಒಟ್ಟಿಗೆ ಹುಟ್ಟಿದವು ಒಟ್ಟಿಗೆ ಕೂರುತ್ತವೆ, ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಗೂಡು ಕಟ್ಟುತ್ತವೆ. ಇವತ್ತು ಕಾಲುಭಾಗ, ನಾಳೆ ಅಷ್ಟು, ನಾಡಿದ್ದು ಇಷ್ಟು ಅಂತ ಒಡೆದರೆ ಒಂದು ಜ್ವರಕ್ಕೆ ಕೂತಾಗ ಇನ್ನೊಂದು ಸೊಪ್ಪಿಗೆ ಬಾಯಿ ಬಿಡುತ್ತಿರುತ್ತದೆ. ಸೊಪ್ಪು ಹಾಕಿದರೆ ಮಲಗಿದ್ದವು ಅದರಡಿ ಕೊಳೆಯುತ್ತವೆ, ಹಾಕದಿದ್ದರೆ ಎದ್ದಿದ್ದವು ಸಾಯುತ್ತವೆ. ಮನೆಮಂದಿಯೆಲ್ಲ ಹಗಲಿರುಳು ದುಡಿದದ್ದು ತಿಪ್ಪೆಗೆ.

ಆ ಬೆಳೆ ಹಾಗೇ ಆಯಿತು. ಮೊಟ್ಟೆ ಮೂರು ದಿನ ಒಡೆಯಿತು, ಅರ್ಧ ಒಡೆಯಲೇ ಇಲ್ಲ. ದೊಡ್ಡವ್ವನ ಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದು ಕೊಯ್ದು ಸೊಸೆಯರ ಬೆರಳು ಕಪ್ಪಾಗಿದ್ದೇ ಬಂತು. ಮುಂದಿನ ಬೆಳೆಗೆ ನಾನು ಹೋದಾಗ ಮೊರ ಬರಲಿಲ್ಲ. ಅವಳು ಒಂದು ಚೊಂಬು ಅರಿಶಿನದ ನೀರು ತಂದು ನನ್ನ ಎರಡು ಕೈಗೂ ಸುರಿದಳು.

"ಯಾವ ಸಾವಿನ ಮನ್ಗೆ ಓಗಿದ್ಯೋ ಏನ್ ಮುಟ್ಟಿದ್ಯೋ ಕಾಣೆ. ತೊಳ್ಕೊ."

"ದೊಡ್ಡವ್ವ, ನನ್ನ ಕೈಯಲ್ಲ, ಈ ಚೀಲ ನೋಡು. ಒಳಗೆ ಕೈ ಹಾಕಿ ನೋಡು, ಒಲೆ ಇದ್ದಂಗಿದೆ."

"ಕುಣಿಯಾಕಾಗ್ದೋಳು ನೆಲ ಡೊಂಕು ಅಂದ್ಲಂತೆ" ಎಂದು ಒಳಗಿನಿಂದ ಯಾವಳೋ ಸೊಸೆ ನಕ್ಕಳು.

ಕೈ ತೊಳೆದುಕೊಂಡೆ. ತೊಳೆದು ಏನು ಬಂತು? ಅದೇ ಚೀಲ, ಅದೇ ಬಿಸಿಲು. ಆ ಬೆಳೆಯೂ ಕೆಟ್ಟಿತು. ಮೂರನೆಯ ಸಲಕ್ಕೆ, "ಆಳೆ ಜಗುಲಿ ಮ್ಯಾಲ್ ಇಟ್ಟು ಅತ್ಲಾಗ್ ನಿಂತ್ಕೊ, ನಾವ್ ತಗತೀವಿ" ಎಂದಳು. ನನ್ನ ಕೈಯಿಂದ ಅವಳ ಮೊರಕ್ಕೆ ನೇರವಾಗಿ ಬೀಳಬಾರದಂತೆ. ಸೊಸೆ ಬಂದು ಹಾಳೆಗಳನ್ನು ಸೆರಗಿನಲ್ಲಿ ಹಿಡಿದು ಎತ್ತಿಕೊಂಡಳು. ಎಲೆ ಅಡಿಕೆ ಕೊಡಲಿಲ್ಲ. ಅಂದಿನ ಹಾಳೆಗಳ ಗತಿಯೂ ಅಷ್ಟರಲ್ಲೇ ಇತ್ತು.

ಯಜಮಾನರ ಹತ್ತಿರ ವಾದಕ್ಕೆ ನಿಂತೆ. ಅವರು ಶಾಂತವಾಗಿ ಎಲೆ ಅಡಿಕೆ ಮೆಲ್ಲುತ್ತ ಕೇಳಿದರು: "ಇಲ್ಲಿ ಊರೊಳಗಿನ ಮನೆಗಳಿಗೆ ನಮ್ಮ ಮುದುಕ ಆಳು ಹಾಳೆ ಕೊಡ್ತಾನಲ್ಲ, ಅವೂ ಇದೇ ಚಿಟ್ಟೆ ಇಟ್ಟ ಮೊಟ್ಟೆ ತಾನೆ? ಅವು ಚೆನ್ನಾಗಿ ಒಡೀತವೆ. ನಿನ್ನವು ಒಡೆಯಲ್ಲ. ಇದಕ್ಕೇನಂತೀಯ?"

"ಅವನು ನಡೆದು ಹೋಗಿ ನಾಲ್ಕು ಬೀದಿಗೆ ಕೊಡ್ತಾನೆ ಸ್ವಾಮಿ. ಪುಟ್ಟಿಯಲ್ಲಿ."

"ಪುಟ್ಟಿ ಆಗಲಿ ಪೆಟ್ಟಿಗೆ ಆಗಲಿ, ನೀನು ತಗೊಂಡುಹೋದದ್ದು ಮಾತ್ರ ಕೆಡ್ತಾ ಇದೆ. ಜನ ಸುಮ್ಮನೆ ಮಾತಾಡಲ್ಲಯ್ಯ."

ಮೊಟ್ಟೆ ಮನೆಯ ಗೋಡೆಯಲ್ಲಿ ಒಂದು ಶಾಖ ನೋಡುವ ಮಾಪಕ ತೂಗುಹಾಕಿತ್ತು. ಅದನ್ನು ಒಂದು ದಿನ ಚೀಲದೊಳಗಿಟ್ಟು ಒಯ್ಯುತ್ತೇನೆಂದೆ. ಒಡೆದರೆ ಯುದ್ಧ ಮುಗಿಯುವವರೆಗೆ ಇನ್ನೊಂದು ಸಿಗುವುದಿಲ್ಲವೆಂದು ಕೊಡಲಿಲ್ಲ. ಸರಿ, ನಾನೇ ಉಪಾಯ ಹೂಡಿದೆ. ಮನೆಯಿಂದ ಬಾಳೆ ಎಲೆಯಲ್ಲಿ ಒಂದು ಉಂಡೆ ಬೆಣ್ಣೆ ಕಟ್ಟಿ ಖಾಲಿ ಚೀಲದಲ್ಲಿಟ್ಟೆ, ಇನ್ನೊಂದು ಉಂಡೆ ಎಲೆಯಲ್ಲೇ ಸುತ್ತಿ ಒದ್ದೆ ಬಟ್ಟೆ ಹೊದಿಸಿ ಸೈಕಲ್ಲಿನ ಮುಂದಿನ ಹಿಡಿಗೆ ಕಟ್ಟಿದೆ. ದೊಡ್ಡಿಗೆ ಹೋಗಿ ಬಂದೆ. ಮುಂದಿನದು ಮೆತ್ತಗಾಗಿತ್ತು, ಆದರೂ ಉಂಡೆಯಾಗಿತ್ತು. ಹಿಂದಿನದು ಎಣ್ಣೆಯಾಗಿ ಚೀಲದ ತಳ ಸೇರಿತ್ತು. ಎರಡನ್ನೂ ಹಿಡಿದು ಯಜಮಾನರ ಮುಂದಿಟ್ಟೆ.

ಅವರು ಬಗ್ಗಿ ನೋಡಿ, "ಬೆಣ್ಣೆ ಅಂದ ಮೇಲೆ ಕರಗುತ್ತಪ್ಪ" ಎಂದರು.

ಅಯ್ಯೋ ಶಿವನೇ! ಆ ಹೊತ್ತಿಗೆ ಚೀಲವನ್ನು ಅವರ ತಲೆಗೇ ಕವುಚಬೇಕೆನ್ನಿಸಿತು. ಅವರು ಕೊನೆಗೆ ಹೇಳಿದ್ದು ಇಷ್ಟು: "ದೊಡ್ಡಿಯ ಕಡೆಯವರು ನಿನ್ನ ಕೈಯಿಂದ ಬೇಡ ಅಂತ ನನಗೇ ಹೇಳಿಕಳಿಸಿದ್ದಾರೆ. ಮುಂದಿನ ಬೆಳೆಯೂ ಹೀಗೇ ಆದರೆ ಆ ದಾರಿಗೆ ಬೇರೆಯವರನ್ನು ಹಾಕಬೇಕಾಗುತ್ತೆ. ಬೇಜಾರು ಮಾಡ್ಕೋಬೇಡ."

ಮನೆಗೆ ಬಂದು ಹೆಂಡತಿಯ ಹತ್ತಿರ ಹೇಳಿದೆ. ಅವಳು ನನ್ನ ಕೈಗಳನ್ನು ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಹುಡುಗಾಟಕ್ಕೇ ನೋಡಿದಳೋ, ಅವಳಿಗೂ ಅನುಮಾನ ಬಂದಿತ್ತೋ ನಾನು ಕೇಳಲಿಲ್ಲ. ಇಷ್ಟು ಮಾತ್ರ ನಿಶ್ಚಯ, ನನಗೂ ಒಳಗೊಳಗೇ ಅಳುಕು ಹುಟ್ಟಿತ್ತು. ಸ್ನಾನ ಮಾಡುವಾಗ ಕೈ ಎರಡೆರಡು ಸಲ ಉಜ್ಜುತ್ತಿದ್ದೆ.

ಚಿಟ್ಟೆಗೆ ಹಾಸುವ ಕಾಗದದ ಕಟ್ಟು ರೈಲಿನಲ್ಲಿ ಬರುವುದಿತ್ತು. ಅದಕ್ಕಾಗಿ ಮದ್ದೂರಿನ ಸ್ಟೇಷನ್ನಿಗೆ ಹೋದೆ. ರೈಲು ಎಂದಿನಂತೆ ತಡ. ಯುದ್ಧದ ಗಾಡಿಗಳು ಮುಂದೆ ಹೋದ ಮೇಲೆ ನಮ್ಮದು. ಹೊರಗೆ ಜಟಕಾಗಳ ಸಾಲಿನ ಬಳಿ ನೆರಳಿಗೆ ಕೂತೆ. ಎದುರಿಗೆ ಒಂದು ಕುದುರೆ, ಮುಖಕ್ಕೆ ಕಟ್ಟಿದ ಹುರುಳಿ ಚೀಲದಲ್ಲಿ ಮೂತಿ ತೂರಿಸಿ ಮೇಯುತ್ತಿತ್ತು. ಅದು ಉಸಿರು ಬಿಟ್ಟಾಗಲೆಲ್ಲ ಚೀಲದ ಮಗ್ಗುಲಿನಿಂದ ಹೊಟ್ಟು ಪುಸ್ಸೆಂದು ಹಾರುವುದು. ಎಷ್ಟೋ ವರ್ಷದಿಂದ ನೋಡಿದ್ದ ನೋಟವೇ. ಅಂದು ಮಾತ್ರ ಎದ್ದುಹೋಗಿ ಚೀಲ ಮುಟ್ಟಿ ನೋಡಿದೆ. ಒರಟು ಸಣಬಿನ ಹುರಿಯಲ್ಲಿ ಬಿಡಿಬಿಡಿಯಾಗಿ ನೇಯ್ದದ್ದು. ಮೂಗು ಬಾಯಿ ಎರಡೂ ಒಳಗಿಟ್ಟುಕೊಂಡು ಕುದುರೆ ಉಸಿರಾಡುತ್ತಿದೆ. ಇದಕ್ಕಿಂತ ಇನ್ನೇನು ಬೇಕು?

"ಕಚ್ತದೆ ಕಣಯ್ಯ, ಕೈ ತೆಗಿ!" ಎಂದು ಜಟಕಾದವನು ಕೂಗಿದ.

"ಈ ಚೀಲ ಎಲ್ಲಿ ಹೊಲಿಸಿದೆ?"

"ಪೇಟೆನಾಗೆ ಜೀನು ಒಲೀತಾರಲ್ಲ ಸಾಬ್ರು, ಅವ್ರತ್ರ. ಯಾಕೆ, ನಿಂಗೂ ಉಳ್ಳಿ ತಿನ್ಬೇಕಾ?" ಎಂದು ಸುತ್ತಲಿನವರನ್ನೆಲ್ಲ ನಗಿಸಿದ.

ಕಾಗದದ ಕಟ್ಟು ಬಂದದ್ದೇ ತಡ, ಪೇಟೆಗೆ ಓಡಿದೆ. ಜೀನು ಹೊಲಿಯುವ ಸಾಬರು ವಯಸ್ಸಾದವರು. ಕನ್ನಡಕದ ಮೇಲಿಂದ ನನ್ನನ್ನೂ ಸೈಕಲ್ಲನ್ನೂ ನೋಡಿದರು. ನನಗೆ ಬೇಕಾದದ್ದು ಹೇಳಿದೆ. ಕ್ಯಾರಿಯರ್‌ನ ಎರಡು ಮಗ್ಗುಲಿಗೂ ಕಟ್ಟಲು ಪಟ್ಟಿ, ಸುತ್ತ ಹುರುಳಿ ಚೀಲದ ಬಟ್ಟೆ, ಮೇಲೊಂದು ಬಿಳಿ ದಪ್ಪ ಬಟ್ಟೆಯ ಹೊದಿಕೆ. ಬಿಸಿಲಿಗೆ ಅದನ್ನು ಒದ್ದೆ ಮಾಡಬೇಕು, ಮಳೆಗೆ ಅದರ ಮೇಲೆ ಗರಿ ಹೆಣೆದ ಗೊರಗ ಹೊದಿಸಬೇಕು. ತೊಗಲು ಮಾತ್ರ ಒಂದು ಚೂರೂ ಕೂಡದು.

"ತಳಕ್ಕೆ ಚಮಡಾ ಇಲ್ದೆ ಆರು ತಿಂಗಳೂ ಬರಲ್ಲ ಅಣ್ಣ" ಎಂದರು.

"ಬರದಿದ್ದರೆ ಬೇಡ ಸಾಬ್ರೇ. ತೊಗಲು ಬೇಡ."

"ನಾಳಿದ್ದು ಬನ್ನಿ."

ನಾಳಿದ್ದು ಹೋದೆ, ಸಣಬಿನ ಬಟ್ಟೆ ಬಂದಿರಲಿಲ್ಲ. ಮತ್ತೆ ಹೋದೆ, ಯಾರದೋ ಮದುವೆಯ ಕುದುರೆಗೆ ಜೀನು ಹೊಲಿಯುತ್ತಿದ್ದರು. ಮಳವಳ್ಳಿಯಿಂದ ಮದ್ದೂರಿಗೆ ಬಂದು ಹೋಗುವುದೆಂದರೆ ಹುಡುಗಾಟವೇ? ಯಜಮಾನರಿಗೆ ಸ್ಟೇಷನ್ನಿನ ನೆಪ ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು. ಕೊನೆಗೊಂದು ದಿನ ಚೀಲ ತಯಾರಾಗಿ ಗೂಟಕ್ಕೆ ತೂಗಿತ್ತು. ಹತ್ತಿರ ಹೋಗಿ ನೋಡುತ್ತೇನೆ, ತಳದ ಸುತ್ತ ಕೆಂಪು ತೊಗಲಿನ ಅಂಚು!

"ಎಷ್ಟು ಸಲ ಹೇಳಿದೆ ಸಾಬ್ರೇ! ಬಾಯಿ ಬಿಟ್ಟು ಹೇಳಿದೆನೋ ಇಲ್ಲವೋ?"

"ನೋಡೋಕೆ ಚಂದ ಕಾಣಲಿ ಅಂತ ಹಾಕ್ದೆ. ನನ್ನ ಅಂಗಡಿಯಿಂದ ಬರಿ ಬಟ್ಟೆ ಚೀಲ ಹೋದ್ರೆ ಜನ ಏನಂತಾರೆ?"

ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಬಿಚ್ಚುವವರೆಗೆ ಏಳುವುದಿಲ್ಲವೆಂದೆ. ಅವರು ಗೊಣಗಿದರು, ನಾನೂ ಗೊಣಗಿದೆ. ಬಂದ ಗಿರಾಕಿಗಳು ದಾಟಿಕೊಂಡು ಒಳಹೋಗಬೇಕಾಯಿತು. ಆಮೇಲೆ ಅವರು ಒಂದೊಂದೇ ಹೊಲಿಗೆ ಕಿತ್ತು, ಅಂಚಿಗೆ ಸಣಬಿನ ಹುರಿಯನ್ನೇ ಎರಡು ಸುತ್ತು ಹೊಲಿದು ಕೊಟ್ಟರು. ಸಂಜೆಯ ಚಹಾವನ್ನೂ ತರಿಸಿದರು. ಕುಡಿದು, ಸಿಟ್ಟಿನಲ್ಲೇ ಕೈ ಮುಗಿದು ಬಂದೆ.

ಇನ್ನು ಒಳಗಿನದು. ಮಳವಳ್ಳಿಯ ಮೇದರ ಕೇರಿಯಲ್ಲಿ ಬಿದಿರು ಸೀಳಿಸಿ, ಚೀಲದೊಳಗೆ ನಿಲ್ಲುವ ಒಂದು ಚೌಕಟ್ಟು ಕಟ್ಟಿಸಿದೆ. ಹಾಳೆಗಳು ಒಂದರ ಮೇಲೊಂದು ಮಲಗದೆ, ಕಡ್ಡಿಗಳ ನಡುವೆ ಬೇರೆ ಬೇರೆಯಾಗಿ ಲಂಬವಾಗಿ ನಿಲ್ಲುವ ಹಾಗೆ. ಕುಲುಕಿದರೂ ಹಾಳೆಗೆ ಹಾಳೆ ತಾಗುವುದಿಲ್ಲ. ಮೊದಲ ಸಲ ಕ್ಯಾರಿಯರ್ ಮೇಲಿಟ್ಟು ಖಾಲಿ ಕಾಗದ ತುಂಬಿ ಓಡಿಸಿದಾಗ ತಳದ ಕಬ್ಬಿಣ ಕಾದು ಕೆಳಗಿನ ಅಂಚು ಬಿಸಿಯಾಯಿತು. ಹೆಂಡತಿ ನೀರು ತರುವಾಗ ಕೊಡದ ಕೆಳಗೆ ತಲೆಗೆ ಇಡುವ ಸಿಂಬಿ ಕಂಡಿತು. ಹುಲ್ಲು ಹೊಸೆದು ಹಳೇ ಸೀರೆ ಸುತ್ತಿ ಅಂಥವೇ ಎರಡು ಸಿಂಬಿ ಮಾಡಿ ಚೀಲದ ಅಡಿಗೆ ಹಾಕಿದೆ. ಕುಲುಕಾಟವೂ ತಗ್ಗಿತು, ಅಡಿಯಿಂದ ಗಾಳಿಯೂ ಆಡಿತು. ಬೆಣ್ಣೆ ಇಟ್ಟು ಓಡಿಸಿದೆ. ಈ ಸಲ ಉಂಡೆ ಉಂಡೆಯಾಗಿಯೇ ಬಂತು.

ಚೀಲ ಸರಿಯಾಯಿತು, ಆದರೆ ನನ್ನ ಕೈ? ಹೊಸ ಚೀಲದಲ್ಲಿ ತಂದು ಬೆಳೆ ಚೆನ್ನಾದರೆ, ಅರಿಶಿನದ ನೀರಿಗೆ ದೋಷ ಹೋಯಿತು ಎನ್ನುತ್ತಾರೆ. ಮುಂದೆ ಎಂದಾದರೂ ಕೆಟ್ಟರೆ ಮತ್ತೆ ನನ್ನ ಕೈಗೇ ಬರೆ. ಎರಡು ಚೀಲವನ್ನೂ ಒಂದೇ ಕೈ, ಒಂದೇ ದಿನ, ಒಂದೇ ಸೈಕಲ್ಲಿನಲ್ಲಿ ಒಯ್ದು ತೋರಿಸಿದರೆ ಮಾತ್ರ ಇದು ತೀರುವುದು. ಅದಕ್ಕೆ ಮೊಟ್ಟೆಯೂ ಒಂದೇ ಇರಬೇಕು. ಹಾಳೆಯನ್ನೇ ಕತ್ತರಿಸಬೇಕು.

ಮೊಟ್ಟೆಯ ಹಾಳೆಗೆ ಕತ್ತರಿ ತೋರಿಸುವುದು ನಮ್ಮಲ್ಲಿ ಮಹಾ ಅಪಶಕುನ. ಯಜಮಾನರಿಗೆ ಹೇಳಿದರೆ ಅಂದೇ ನನ್ನನ್ನು ಹೊರಗೆ ಹಾಕುತ್ತಿದ್ದರು. ಹೇಳಲಿಲ್ಲ. ಅವರು ಪೂಜೆಗೆ ಕೂತ ಹೊತ್ತಿನಲ್ಲಿ ದೊಡ್ಡವ್ವನ ಪಾಲಿನ ಹಾಳೆಗಳನ್ನು ಬಿಲ್ಲೆ ಬಿಲ್ಲೆಗಳ ನಡುವೆ, ಹಲ್ಲು ಹಲ್ಲಾಗಿ ಸೊಟ್ಟಸೊಟ್ಟಗೆ ಕತ್ತರಿಸಿದೆ. ಜೋಡಿಸಿದರೆ ಒಂದು ಅರ್ಧಕ್ಕೆ ಅದರದೇ ಇನ್ನರ್ಧ ಕೂರಬೇಕು, ಬೇರೆಯದು ಕೂರಬಾರದು. ನಾಲ್ಕಾರು ಮೊಟ್ಟೆ ಕತ್ತರಿಗೆ ಸಿಕ್ಕವು. ಒಂದೊಂದು ಹಾಳೆಯ ಅರ್ಧ ಎಣ್ಣೆ ಚೀಲಕ್ಕೆ, ಅರ್ಧ ಸಣಬಿನ ಚೀಲಕ್ಕೆ. ಎರಡನ್ನೂ ಕ್ಯಾರಿಯರ್‌ನ ಒಂದೊಂದು ಮಗ್ಗುಲಿಗೆ ಬಿಗಿದು, ಬೇಕೆಂದೇ ಬಿಸಿಲೇರಿದ ಮೇಲೆ ಹೊರಟೆ. ಅವತ್ತು ಬಿಸಿಲು ಕಡಿಮೆಯಿತ್ತು, ಅದಕ್ಕೇ ಮೊಟ್ಟೆ ಉಳಿದವು ಅನ್ನುವ ಮಾತು ಆಮೇಲೆ ಬರಬಾರದು ನೋಡಿ.

ದೊಡ್ಡವ್ವ ಜಗಲಿ ತೋರಿಸಿದಳು. ನಾನು ಜಗಲಿಯ ಮೇಲೆ ಹಾಳೆಗಳನ್ನು ಹಲ್ಲಿಗೆ ಹಲ್ಲು ಜೋಡಿಸಿ ತೋರಿಸಿದೆ.

"ಇದೂ ಇದೂ ಒಂದೇ ಹಾಳೆ, ನೋಡ್ಕೊ. ಎರಡನ್ನೂ ತಂದದ್ದು ಇದೇ ಕೈ. ಇದು ಎಣ್ಣೆ ಚೀಲದ್ದು, ಇದು ಸಣಬಿನ ಚೀಲದ್ದು. ಬೇರೆ ಬೇರೆ ಮೊರದಲ್ಲಿಡು. ಎರಡೂ ಕೆಟ್ಟರೆ ನಾನು ಇನ್ನು ಈ ಊರಿನ ದಾರಿ ತುಳಿಯಲ್ಲ."

"ಕತ್ತರಿ ಆಕಿದ್ದೀಯಲ್ಲೋ ಪಾಪಿ!" ಎಂದಳು. ಆದರೂ ಎರಡು ಮೊರ ತಂದಳು.

ಮೊಟ್ಟೆ ಕಪ್ಪು ತಿರುಗಿದ ಮಾರನೆ ಮುಂಜಾನೆ ಒಡೆಯುತ್ತದೆ. ಆ ಬೆಳಗ್ಗೆ ನಾನು ಅಲ್ಲಿದ್ದೆ. ಬಾಗಿಲು ತೆರೆಯುವ ಮೊದಲೇ ಅಂಗಳದಲ್ಲಿ ನೆರೆಮನೆಯವರೂ ಕೂಡಿದ್ದರು. ಸಣಬಿನ ಚೀಲದ ಮೊರದಲ್ಲಿ ಕರಿ ಎಳ್ಳು ಚೆಲ್ಲಿ ಎಳ್ಳಿಗೆಲ್ಲ ಜೀವ ಬಂದ ಹಾಗೆ ಹುಳ ಕಿಕ್ಕಿರಿದು ಹರಿಯುತ್ತಿದ್ದವು. ಇನ್ನೊಂದು ಮೊರದಲ್ಲಿ ಅಲ್ಲೊಂದು ಇಲ್ಲೊಂದು. ದೊಡ್ಡವ್ವ ಮರಿಹುಳ ಗುಡಿಸುವ ಕೋಳಿಗರಿ ಹಿಡಿದುಕೊಂಡು ಎರಡು ಮೊರದ ನಡುವೆ ನಿಂತಳು. ಹಾಳೆಗಳನ್ನು ಮತ್ತೆ ಹಲ್ಲಿಗೆ ಹಲ್ಲು ಜೋಡಿಸಿ ನೋಡಿದಳು. ಸರಿಯಾಗಿಯೇ ಕೂತವು.

"ಅಯ್ಯೋ ಸಿವ್ನೇ" ಎಂದಳು. "ತಪ್ಪಾಯ್ತು ಕಣಪ್ಪ. ನಿನ್ ಕೈಯಲ್ಲ."

"ಎತ್ತಿಗ್ ಜರ ಬಂದ್ರೆ ಎಮ್ಮೆಗ್ ಬರೆ ಆಕ್ದಂಗಾಯ್ತು ಬುಡ್ಲಾ" ಎಂದು ಹಿಂದಿನಿಂದ ಒಬ್ಬ ಗೌಡ ಹೇಳಿದ, ಎಲ್ಲರೂ ನಕ್ಕರು.

ಎಷ್ಟೋ ತಿಂಗಳ ಸಿಟ್ಟು ನನ್ನಲ್ಲಿ ಕಟ್ಟಿಕೊಂಡಿತ್ತಲ್ಲ, ಅದೆಲ್ಲ ಮಾತಾಗಿ ಹೊರಬಂತು. ಜಗಲಿ ಹತ್ತಿ ನಿಂತೇ ಹೇಳಿದೆ. ಕೈಗುಣ ಅನ್ನುವುದೆಲ್ಲ ಸುಳ್ಳು, ಯಾರ ಕೈಯಲ್ಲೂ ಏನೂ ಇಲ್ಲ, ಮೊಟ್ಟೆಗೆ ಬೇಕಾದದ್ದು ತಂಪು ಮತ್ತು ಗಾಳಿ, ಚೀಲ ನೆಟ್ಟಗಿದ್ದರೆ ಯಾರು ತಂದರೂ ಒಂದೇ ಎಂದೆ. ಒಂದು ಸಲವಲ್ಲ, ಆ ದಾರಿಯ ಮೂರು ಹಳ್ಳಿಯಲ್ಲೂ ಅದನ್ನೇ ಹೇಳಿದೆ. ಎಲ್ಲ ಕಡೆ ದೊಡ್ಡವ್ವನ ಹಾಳೆಗಳನ್ನೇ ಜೋಡಿಸಿ ತೋರಿಸಿದೆ. ಜನ ತಲೆದೂಗಿದರು. ಅವತ್ತು ಸೈಕಲ್ ತುಳಿದದ್ದೇ ಗೊತ್ತಾಗಲಿಲ್ಲ, ಅಷ್ಟು ಹಿಗ್ಗು.

ಯಜಮಾನರಿಗೆ ಸುದ್ದಿ ನನಗಿಂತ ಮುಂಚೆ ಮುಟ್ಟಿತ್ತು. ಕತ್ತರಿಯ ವಿಷಯಕ್ಕೆ ಬಯ್ಯುತ್ತಾರೆಂದುಕೊಂಡಿದ್ದೆ, ಬಯ್ಯಲಿಲ್ಲ. ಸಣಬಿನ ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿ, ಇಂಥದೇ ಇನ್ನೆರಡು ಹೊಲಿಸೋಣವೆಂದರು. ಆ ಮಾತಿನ ಬೆನ್ನಿಗೇ ಬಾಮೈದನನ್ನು ಕರೆದರು.

"ಇನ್ನು ದೊಡ್ಡಿಯ ದಾರಿಗೆ ಇವನು ಹೋಗ್ಲಿ. ಮನೆಯಲ್ಲಿ ಸುಮ್ಮನೆ ಕೂತಿದಾನೆ. ನೀನು ಒಳಗೆ ಚಿಟ್ಟೆ ಮನೆ ನೋಡ್ಕೊ. ಯಾರು ತಗೊಂಡುಹೋದರೂ ಒಂದೇ ಅಂತ ನೀನೇ ಊರೆಲ್ಲ ಸಾರಿ ಬಂದಿದೀಯಂತಲ್ಲಯ್ಯ."

ಬಾಮೈದ ಆಗಲೇ ಸೈಕಲ್ಲಿನ ಗಂಟೆ ಒರೆಸುತ್ತಿದ್ದ.

ಚಿಟ್ಟೆ ಮನೆಯೆಂದರೆ ಮುಚ್ಚಿದ ಕೋಣೆ. ರೆಕ್ಕೆಯ ಧೂಳು ಮೂಗಿಗೆ ಹೋಗಿ ಕೆಮ್ಮು ಹ್ಯಾಗೂ ಬಿಡುವುದಿಲ್ಲ. ಬಾಮೈದ ಬಂದು ಹೊದಿಕೆ ಎಷ್ಟು ಒದ್ದೆ ಮಾಡಬೇಕು, ಸಿಂಬಿ ಎಲ್ಲಿಡಬೇಕು ಎಂದು ಕೇಳುವನು. ತೋರಿಸಿಕೊಡುತ್ತಿದ್ದೆ, ತೋರಿಸದೆ ಮೊಟ್ಟೆ ಕೆಡಿಸಲೇ? ಒಂದು ಬೆಳೆ ಹೋಗುವವರೆಗೆ ತಡೆದೆ. ಆಮೇಲೆ ಒಂದು ರಜೆಯ ದಿನ, ಸೈಕಲ್ ಇಲ್ಲವಲ್ಲ, ನಡೆದೇ ಹೊರಟೆ.

ದೊಡ್ಡವ್ವ ಅಂಗಳದಲ್ಲಿ ಗೂಡು ಬಿಡಿಸುತ್ತ ಕೂತಿದ್ದಳು. ಹೊಂಬಣ್ಣದ ಗೂಡು, ರಾಶಿ ರಾಶಿ. ನನ್ನನ್ನು ಕಂಡು ಅವಳ ಮುಖ ಅರಳಿತು.

"ಬಾರಪ್ಪ, ಕುಂತ್ಕೊ. ಎಲ್ಲೋಗಿದ್ದೆ ಇಷ್ಟ್ ದಿನ? ನೋಡು ಎಂಗ್ ಬಂದೈತೆ ಬೆಳೆ. ಆ ಉಡ್ಗ ತಂದ್ಕೊಟ್ಟ ಮೊಟ್ಟೆ ಒಂದೂ ಉಳೀಲಿಲ್ಲ."

ಕೂತೆ. ಒಂದಷ್ಟು ಗೂಡು ಬಿಡಿಸಿಕೊಟ್ಟೆ. ಕೊನೆಗೆ ಹೇಳಿಯೇಬಿಟ್ಟೆ.

"ದೊಡ್ಡವ್ವ, ನನ್ನನ್ನ ಈ ದಾರಿಯಿಂದ ತೆಗೆದವ್ರೆ. ಯಜಮಾನ್ರಿಗೆ ನೀನೊಂದು ಮಾತು ಹೇಳಿಕಳಿಸು. ನನ್ನ ಕೈಯಿಂದಲೇ ಬೇಕು, ಬೇರೆಯವರದು ಬೇಡ ಅಂತ. ನೀನು ಹೇಳಿದರೆ ಕೇಳ್ತಾರೆ."

"ಯಾಕೆ ಬ್ಯಾಡ ಅನ್ಲಪ್ಪ?"

"ನನ್ನ ಕೈಗುಣ ಒಳ್ಳೇದು ಅಂತ ಹೇಳು."

ಅವಳು ಬಿಡಿಸುತ್ತಿದ್ದ ಗೂಡನ್ನು ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದಳು. ಕೋಪವಿರಲಿಲ್ಲ, ಕುಚೋದ್ಯವೂ ಇರಲಿಲ್ಲ. ನಿಜವಾಗಿಯೂ ಅವಳಿಗೆ ಅರ್ಥವಾಗಿರಲಿಲ್ಲ.

"ಅಲ್ಲ ಕಣಪ್ಪ, ಕೈಯಾಗೆ ಏನೂ ಇಲ್ಲ ಅಂತ ಇದೇ ಜಗುಲಿ ಮ್ಯಾಲ್ ನಿಂತ್ಕಂಡು ನೀನೇ ಅಲ್ವ ಯೋಳಿದ್ದು? ಆಳೆ ಕತ್ತರ್ಸಿ ಜೋಡ್ಸಿ ತೋರಿಸ್ಲಿಲ್ವ? ನಾನೂ ನಂಬ್ದೆ, ಊರೂ ನಂಬ್ತು. ಈಗ ಅವ್ರಿಗೆ ಸುಳ್ಳು ಯೋಳ್ಕಳಿಸ್ಲಾ?"

ನಾನು ಇನ್ನೊಂದು ಗೂಡು ಎತ್ತಿ ಬಿಡಿಸತೊಡಗಿದೆ.

"ಯೋಳು ಮಗ, ನೀನ್ ಸುಳ್ಳು ಯೋಳು ಅಂದ್ರೆ ಯೋಳ್ತೀನಿ" ಎಂದಳು.

"ಬೇಡ ಬುಡವ್ವ" ಎಂದೆ.

ಅವಳು ಒಳಗೆ ಹೋಗಿ ಚೊಂಬಿನಲ್ಲಿ ಮಜ್ಜಿಗೆ ತಂದು ಕೊಟ್ಟಳು. ಕುಡಿದು, ಚೊಂಬು ತೊಳೆದಿಟ್ಟು, ಮಳವಳ್ಳಿಗೆ ನಡೆಯತೊಡಗಿದೆ.